ಶಿಲೆ, ಕಡತ, ಸರ್ವರ್: ಸ್ವತಂತ್ರ ತಂತ್ರಾಂಶದ ಪರಾಶ್ರಯವನ್ನು ಕುರಿತು ಒಂದು ಚಾರಿತ್ರಿಕ ವಿವೇಚನೆ

೧

ಗಣಕಯಂತ್ರದ ತಂತ್ರಾಂಶಕ್ಕೂ ಚರಿತ್ರೆಯ ವ್ಯಾಸಂಗಕ್ಕೂ ಏನು ಸಂಬಂಧವೆಂಬ ಪ್ರಶ್ನೆ ಓದುಗರಲ್ಲಿ ಕೆಲವರಿಗಾದರೂ ಹುಟ್ಟುವುದು ಸಹಜ. ಸಂಬಂಧವಿದೆಯೆಂಬುದೇ ನಮ್ಮ ಅಭಿಪ್ರಾಯ. ಚರಿತ್ರೆಕಾರನ ಕೆಲಸವೆಲ್ಲ ದಾಖಲೆಗಳ ಮೇಲೆ ನಿಂತುದು. ದಾಖಲೆಯನ್ನು ಬರೆದವರು ಯಾರು, ಇಟ್ಟುಕೊಂಡವರು ಯಾರು, ನೋಡಲು ಯಾರಿಗೆ ಅವಕಾಶವಿತ್ತು, ತಿದ್ದಲು ಯಾರಿಗೆ ಅಧಿಕಾರವಿತ್ತು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳದೆ ಅವನು ಒಂದು ಹೆಜ್ಜೆಯನ್ನೂ ಮುಂದಿಡಲಾರ. ಇಂದು ಕನ್ನಡದ ಬರೆವಣಿಗೆ, ಹಳೆಯ ಪುಸ್ತಕಗಳ ಓದು, ಭಾಷಾಂತರ, ಹೊಲದ ಪಹಣಿ ಇವೆಲ್ಲವೂ ಮೊಬೈಲಿನ ಆ್ಯಪ್‌ಗಳ ಮೂಲಕ ದೂರದ ಸರ್ವರ್‌ಗಳಿಗೆ ಹೋಗಿಬರುತ್ತಿವೆ. ಹೀಗಿರುವಾಗ ಅದೇ ನಾಲ್ಕು ಪ್ರಶ್ನೆಗಳು ಹೊಸ ವೇಷದಲ್ಲಿ ನಮ್ಮ ಮುಂದೆ ನಿಂತಿವೆ ಎನ್ನಬೇಕು.

ಪ್ರಕೃತ ಲೇಖನದ ವಿಷಯವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ತನ್ನ ಮೂಲಪಾಠವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಿಕೊಳ್ಳಬಹುದಾದ ತಂತ್ರಾಂಶಕ್ಕೆ ಸ್ವತಂತ್ರ ತಂತ್ರಾಂಶವೆಂದು ಹೆಸರು. ಅಂತಹ ಒಂದು ಆ್ಯಪ್ ತನ್ನ ಕೆಲಸಕ್ಕಾಗಿ ಯಾವುದೋ ಖಾಸಗಿ ಸಂಸ್ಥೆಯ ಒಡೆತನದಲ್ಲಿರುವ, ಒಳಗೆ ಏನು ನಡೆಯುತ್ತದೆಂದು ಹೊರಗಿನವರಿಗೆ ತಿಳಿಯದ ಸರ್ವರನ್ನು ಆಶ್ರಯಿಸಬಹುದೆ? ಆಶ್ರಯಿಸಿದರೆ ಅದರ ಸ್ವಾತಂತ್ರ್ಯ ಎಷ್ಟರಮಟ್ಟಿಗೆ ಉಳಿಯುತ್ತದೆ? ಈ ಪ್ರಶ್ನೆಯನ್ನು ತಂತ್ರಜ್ಞರು ತಮ್ಮ ರೀತಿಯಲ್ಲಿ ಚರ್ಚಿಸಿದ್ದಾರೆ. ನಾವು ಇದನ್ನು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ದಾಖಲೆಗಳ ಚರಿತ್ರೆಯ ಬೆಳಕಿನಲ್ಲಿ ನೋಡಲು ಯತ್ನಿಸುತ್ತೇವೆ. ಪರರ ಕೈಯಲ್ಲಿರುವ ಸೇವೆಯನ್ನು ನೆಚ್ಚಿ ಬದುಕುವುದು ಈ ನೆಲಕ್ಕೆ ಹೊಸದಲ್ಲ. ಆ ನೆಚ್ಚಿಕೆಗೆ ಕಟ್ಟುಪಾಡುಗಳನ್ನು ಹಾಕಿದುದೂ ಹೊಸದಲ್ಲ.

೨

ಈ ಸೀಮೆಯ ಅತ್ಯಂತ ಹಳೆಯ ದಾಖಲೆಗಳು ಕಲ್ಲಿನ ಮೇಲಿವೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸರು ೧೮೮೯ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ ೧೪೪. ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಪರಿಷ್ಕರಿಸಿದ ಸಂಪುಟದಲ್ಲಿ ಅದು ೫೦೦ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ೧೯೭೩ರಲ್ಲಿ ಹೊರತಂದ ಸಂಪುಟದಲ್ಲಿ ೫೭೩ ಆಯಿತು. ಹಾಸನ ಜಿಲ್ಲೆಯ ಉಳಿದ ಶಾಸನಗಳ ಸಂಪುಟವನ್ನು ರೈಸರು ೧೯೦೨ರಲ್ಲಿ ಪ್ರಕಟಿಸಿದ್ದರು. ಈ ಸಂಖ್ಯೆಗಳು ಹೆಚ್ಚುತ್ತ ಬಂದುದಕ್ಕೆ ವಿದ್ವಾಂಸರ ಶ್ರಮ ಒಂದು ಕಾರಣವಾದರೆ, ಶಿಲೆಯ ಗುಣ ಇನ್ನೊಂದು. ಬರೆಯಿಸಿದ ಅರಸನ ವಂಶ ಅಳಿದರೂ ಕಲ್ಲು ಉಳಿಯಿತು. ಅದನ್ನು ಓದಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ನಮ್ಮ ವಿಷಯಕ್ಕೆ ಇವುಗಳಲ್ಲಿ ಒಂದು ಶಾಸನ ವಿಶೇಷವಾಗಿ ಒದಗುತ್ತದೆ. ಅದು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ, ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದ, ಕ್ರಿ. ಶ. ೧೩೬೮ರ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಹುಟ್ಟಿದ ವ್ಯಾಜ್ಯವನ್ನು ಬುಕ್ಕರಾಯನು ತೀರ್ಮಾನಿಸಿದನೆಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಬರುವ ಸಂಗತಿ. ಮತಸಹಿಷ್ಣುತೆಗೆ ನಿದರ್ಶನವೆಂದು ಇದನ್ನು ಬೋಧಿಸುವುದೂ ರೂಢಿ. ಆದರೆ ತೀರ್ಮಾನದ ಉತ್ತರಾರ್ಧವನ್ನು ಓದುವವರು ಕಡಮೆ. ಅದು ಒಂದು ಸೇವೆಯ ಏರ್ಪಾಡು. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಆ ಹಣದಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷೆಗಾಗಿ ಇಪ್ಪತ್ತು ಮಂದಿ ಆಳುಗಳನ್ನು ನೇಮಿಸಬೇಕು. ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಯಿಸಬೇಕು. ಈ ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ; ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಇದನ್ನು ರಾಜ್ಯದ ಬಸದಿಗಳಲ್ಲೆಲ್ಲ ಶಾಸನವಾಗಿ ನಿಲ್ಲಿಸಬೇಕು.

ಇಲ್ಲಿನ ಸಂದರ್ಭವನ್ನು ಗಮನಿಸಬೇಕು. ಜೈನರ ದೇವರಿಗೆ ಕಾವಲು. ಕಾವಲಿನ ಹಣ ಜೈನರದು. ಕಾವಲುಗಾರರನ್ನು ನೇಮಿಸುವ ಅಧಿಕಾರ ಮಾತ್ರ ಅವರ ಪ್ರತಿಪಕ್ಷದ ಆಚಾರ್ಯರದು. ಇದಕ್ಕಿಂತ ಪೂರ್ಣವಾದ ಪರಾಶ್ರಯವನ್ನು ಊಹಿಸುವುದು ಕಷ್ಟ. ಆದರೂ ಇದನ್ನು ದಾಸ್ಯವೆಂದು ಯಾರೂ ಕರೆಯಲಿಲ್ಲ. ಕಾರಣವೇನು? ಕೊಡಬೇಕಾದ ಹಣವೆಷ್ಟು, ನೇಮಿಸಬೇಕಾದ ಆಳುಗಳೆಷ್ಟು, ಉಳಿದ ಹಣ ಎಲ್ಲಿಗೆ ಹೋಗಬೇಕು, ಮಾತು ತಪ್ಪಿದರೆ ಏನಾಗುತ್ತದೆ ಎಂಬುದೆಲ್ಲವೂ ಬಸದಿಯ ಬಾಗಿಲಲ್ಲಿ ಬಹಿರಂಗವಾಗಿತ್ತು. ಆಶ್ರಯಿಸಿದವನ ಕೈಯಲ್ಲಿಯೇ ಕರಾರಿನ ಪ್ರತಿ ಇದ್ದಿತು. ಆಶ್ರಯ ಕೊಟ್ಟವನು ಅದನ್ನು ಒಬ್ಬನೇ ಅಳಿಸಲಾರದವನಾಗಿದ್ದನು.

ನೀರಾವರಿಯಲ್ಲಿಯೂ ಇದೇ ನ್ಯಾಯವನ್ನು ಕಾಣುತ್ತೇವೆ. ಹೊಳೆನರಸೀಪುರ ತಾಲ್ಲೂಕಿನಲ್ಲಿ ಹೇಮಾವತಿಗೆ ಶ್ರೀರಾಮದೇವರ ಕಟ್ಟೆ, ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಗೆ ಕೃಷ್ಣರಾಜ ಕಟ್ಟೆ ಇವೆ. ಕಟ್ಟೆಯ ಕೆಳಗಣ ರೈತನಿಗೆ ಭೂಮಿ ತನ್ನದು, ನೇಗಿಲು ತನ್ನದು, ಬಿತ್ತನೆಯ ಕಾಳು ತನ್ನದು. ನೀರು ಮಾತ್ರ ತೂಬಿನಿಂದ ಬರಬೇಕು. ತೂಬನ್ನು ಕಾಯುವ ನೀರುಗಂಟಿ ಊರಿನ ಆಯಗಾರರಲ್ಲಿ ಒಬ್ಬ. ಅವನ ಜೀವನ ಕಣದಲ್ಲಿ ರೈತರು ಅಳೆದುಕೊಡುತ್ತಿದ್ದ ಧಾನ್ಯದಿಂದ ನಡೆಯುತ್ತಿತ್ತು. ಕೆರೆಯ ದುರಸ್ತಿಗೆಂದು ಬಿತ್ತುವಟ್ಟ, ಕಟ್ಟುಗೊಡಗೆ ಮುಂತಾದ ದತ್ತಿಗಳಿದ್ದುದನ್ನು ಶಾಸನಗಳು ತಿಳಿಸುತ್ತವೆ. ತೂಬು ತನ್ನ ಕೈಯಲ್ಲಿಲ್ಲವೆಂಬ ಕಾರಣಕ್ಕೆ ರೈತನು ಪರತಂತ್ರನಾಗಲಿಲ್ಲ. ತೂಬಿನವನು ಊರಿಗೆ ಉತ್ತರ ಹೇಳಬೇಕಾಗಿತ್ತು ಎಂಬುದೇ ಅವನ ಸ್ವಾತಂತ್ರ್ಯದ ಆಧಾರ.

೩

ಕಲ್ಲಿನಿಂದ ಕಡತಕ್ಕೆ ಬಂದಾಗ ಸ್ಥಿತಿ ಬದಲಾಗುತ್ತದೆ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿಯನ್ನು ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಕಡತ. ಮೈಸೂರು ಸೀಮೆಯ ಊರುಗಳ ಲೆಕ್ಕಪತ್ರಗಳು ಬಹುಕಾಲ ಈ ಕಡತಗಳಲ್ಲಿಯೇ ಇದ್ದವು. ಇದನ್ನು ಇಟ್ಟುಕೊಂಡಿದ್ದವನು ಶಾನುಭೋಗ. ಅವನ ಹುದ್ದೆ ವಂಶಪಾರಂಪರ್ಯವಾದುದು. ಕಡತ ಅವನ ಮನೆಯಲ್ಲಿರುತ್ತಿತ್ತು. ಒದ್ದೆ ಬಟ್ಟೆಯಿಂದ ಒರಸಿ ಮತ್ತೆ ಬರೆಯಬಹುದಾದುದು ಅದರ ಅನುಕೂಲ. ಅದೇ ಅದರ ಅಪಾಯ.

ಶಾನುಭೋಗರೆಲ್ಲ ಅಪ್ರಾಮಾಣಿಕರಾಗಿದ್ದರೆಂದು ನಾವು ಹೇಳುತ್ತಿಲ್ಲ. ಅರಸೊತ್ತಿಗೆಗಳು ಬದಲಾದರೂ ಊರಿನ ಲೆಕ್ಕ ಹರಿದುಹೋಗದಂತೆ ತಲೆಮಾರುಗಳ ಕಾಲ ಕಾಪಾಡಿದವರು ಅವರೇ. ನಮ್ಮ ಮಾತು ವ್ಯಕ್ತಿಯ ಗುಣವನ್ನು ಕುರಿತುದಲ್ಲ, ವ್ಯವಸ್ಥೆಯನ್ನು ಕುರಿತುದು. ರೈತನ ಹಕ್ಕು ರೈತನದೇ ಆಗಿದ್ದರೂ ಆ ಹಕ್ಕಿಗೆ ಸಾಕ್ಷಿಯಾದ ಬರೆಹ ಇನ್ನೊಬ್ಬನ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆಯವನು ಸಜ್ಜನನಾಗಿದ್ದರೆ ರೈತನಿಗೆ ತೊಂದರೆಯಿಲ್ಲ. ಆಗದಿದ್ದರೆ ರೈತನಿಗೆ ದಿಕ್ಕಿಲ್ಲ. ಹಕ್ಕು ಇನ್ನೊಬ್ಬನ ಸಜ್ಜನಿಕೆಯನ್ನೇ ನಂಬಿ ನಿಂತಿರುವಾಗ ಅದನ್ನು ಹಕ್ಕೆನ್ನುವುದಕ್ಕಿಂತ ಅನುಗ್ರಹವೆನ್ನುವುದು ಹೆಚ್ಚು ಸರಿಯಾದೀತು.

ಮೈಸೂರಿನಲ್ಲಿ ೧೮೬೩ರಿಂದ ಆರಂಭವಾದ ಕಂದಾಯದ ಮೋಜಣಿ ಹೊಲಗಳಿಗೆ ನಂಬರುಗಳನ್ನೂ ನಕ್ಷೆಗಳನ್ನೂ ಕೊಟ್ಟು, ದಾಖಲೆಯ ಒಂದು ಪಾಲನ್ನು ಸರ್ಕಾರದ ಕೈಗೆ ತಂದಿತು. ೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿ ಶಾಸನವು ೧೯೬೩ರ ಫೆಬ್ರವರಿ ೧ರಿಂದ ಜಾರಿಗೆ ಬಂದು ಪಟೇಲ, ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳು ಕೊನೆಗೊಂಡವು. ಸಂಬಳ ಪಡೆಯುವ ಗ್ರಾಮಲೆಕ್ಕಿಗರು ಆ ಸ್ಥಾನಕ್ಕೆ ಬಂದರು. ಪುಸ್ತಕವನ್ನು ಇಟ್ಟುಕೊಳ್ಳುವವನು ಬದಲಾದನು. ಪುಸ್ತಕ ಒಂದೇ ಪ್ರತಿಯಲ್ಲಿ ಒಬ್ಬರ ಕೈಯಲ್ಲಿರುವ ಪದ್ಧತಿ ಮುಂದುವರಿಯಿತು.

೪

ಆ ಪದ್ಧತಿಯನ್ನು ಮುರಿದುದು ೨೦೦೦ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆ. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ಸಿದ್ಧಪಡಿಸಿದ ತಂತ್ರಾಂಶದ ನೆರವಿನಿಂದ ರಾಜ್ಯದ ಸುಮಾರು ೬೭ ಲಕ್ಷ ಭೂಹಿಡುವಳಿದಾರರ ಸುಮಾರು ೨ ಕೋಟಿ ಪಹಣಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಲಾಯಿತು. ಪ್ರತಿ ತಾಲ್ಲೂಕು ಕಚೇರಿಯಲ್ಲಿಯೂ ಒಂದು ಭೂಮಿ ಕೇಂದ್ರ ತೆರೆಯಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ರೈತರು ಆರಂಭದಲ್ಲಿ ೧೫ ರೂಪಾಯಿ ಕೊಟ್ಟು ಅಚ್ಚಾದ ಪಹಣಿಯನ್ನು ಪಡೆಯುವಂತಾಯಿತು. ಗಣಕೀಕರಣ ಮುಗಿದ ತಾಲ್ಲೂಕುಗಳಲ್ಲಿ ಕೈಬರೆಹದ ಪಹಣಿಗೆ ಮಾನ್ಯತೆ ತಪ್ಪಿತು. ದಾಖಲೆಯನ್ನು ತಿದ್ದುವ ನೌಕರನು ಬೆರಳಚ್ಚು ಒತ್ತಿದ ಮೇಲೆಯೇ ತಿದ್ದುಪಡಿಯಾಗಬೇಕೆಂಬ ನಿಯಮ ಬಂದಿತು. ಒದ್ದೆ ಬಟ್ಟೆಯಿಂದ ಒರಸುವ ಕಾಲ ಮುಗಿಯಿತು.

ಇದು ದೊಡ್ಡ ಸುಧಾರಣೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದರಿಂದ ಹುಟ್ಟಿದ ಹೊಸ ಆಶ್ರಯವನ್ನೂ ಕಾಣಬೇಕು. ಮೊದಲು ಊರಿನಲ್ಲಿದ್ದ ಪುಸ್ತಕ ತಾಲ್ಲೂಕಿಗೆ ಹೋಯಿತು. ಅಲ್ಲಿಂದ ರಾಜಧಾನಿಯ ದತ್ತಾಂಶ ಕೇಂದ್ರಕ್ಕೆ ಹೋಯಿತು. ‘ಸರ್ವರ್ ಇಲ್ಲ’ ಎಂಬ ಎರಡು ಮಾತು ಇಂದು ನಾಡಕಚೇರಿಯ ಮುಂದೆ ಸಾಲು ನಿಂತ ಯಾವ ರೈತನಿಗೂ ವಿವರಿಸಬೇಕಾದುದಲ್ಲ. ಹಿಂದೆ ‘ಶಾನುಭೋಗರು ಊರಲ್ಲಿಲ್ಲ’ ಎನ್ನುತ್ತಿದ್ದ ಕಡೆ ಈಗ ಈ ಮಾತು ನಿಂತಿದೆ. ಆದರೂ ಒಂದು ಭೇದವುಂಟು. ಭೂಮಿಯ ಸರ್ವರ್ ಸರ್ಕಾರದ್ದು. ಅದರ ಮೇಲೆ ಭೂಕಂದಾಯ ಕಾಯಿದೆಯಿದೆ, ವಿಧಾನಸಭೆಯಿದೆ, ನ್ಯಾಯಾಲಯವಿದೆ, ಮಾಹಿತಿ ಹಕ್ಕಿನ ಅರ್ಜಿಯಿದೆ. ಅದು ದೂರ ಹೋದರೂ ಉತ್ತರ ಹೇಳಬೇಕಾದ ಸ್ಥಾನದಲ್ಲಿದೆ. ಇದೇ ಸ್ಥಳದಲ್ಲಿ ಯಾರಿಗೂ ಉತ್ತರ ಹೇಳಬೇಕಾಗಿಲ್ಲದ ಒಂದು ಸಂಸ್ಥೆಯ ಸರ್ವರ್ ಇದ್ದರೆ ಏನು? ಈ ಪ್ರಶ್ನೆ ನಮ್ಮನ್ನು ಪ್ರಕೃತ ವಿಷಯಕ್ಕೆ ತರುತ್ತದೆ.

೫

ಸ್ವತಂತ್ರ ತಂತ್ರಾಂಶದ ಚಳವಳಿ ೧೯೮೩ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು ‘ಗ್ನೂ’ ಯೋಜನೆಯನ್ನು ಪ್ರಕಟಿಸಿದುದರಿಂದ ಆರಂಭವಾಯಿತು. ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ನಡೆಸುವುದು, ಅದರ ಮೂಲಪಾಠವನ್ನು ಅಭ್ಯಾಸಮಾಡಿ ತಿದ್ದುವುದು, ಪ್ರತಿಗಳನ್ನು ಹಂಚುವುದು, ತಿದ್ದಿದ ಪಾಠವನ್ನೂ ಹಂಚುವುದು ಎಂಬ ನಾಲ್ಕು ಸ್ವಾತಂತ್ರ್ಯಗಳನ್ನು ಆ ಚಳವಳಿ ಎಣಿಸುತ್ತದೆ. ಆ ಕಾಲದಲ್ಲಿ ತಂತ್ರಾಂಶವೆಂದರೆ ಬಳಸುವವನ ಯಂತ್ರದಲ್ಲಿಯೇ ಇರುವ ವಸ್ತು. ಅದರ ಮೂಲಪಾಠ ಕೈಗೆ ಸಿಕ್ಕಿದರೆ ಎಲ್ಲವೂ ಕೈಗೆ ಸಿಕ್ಕಿದಂತೆ.

ಅಂತರ್ಜಾಲದ ಸೇವೆಗಳು ಬೆಳೆದಂತೆ ಈ ಎಣಿಕೆ ತಪ್ಪಿತು. ಯಂತ್ರದಲ್ಲಿರುವ ಆ್ಯಪ್ ಈಗ ಬಾಗಿಲು ಮಾತ್ರ. ಮನೆ ಬೇರೆಡೆ ಇದೆ. ಬಾಗಿಲಿನ ಮರವನ್ನು ಬಿಚ್ಚಿ ನೋಡುವ ಸ್ವಾತಂತ್ರ್ಯ ಮನೆಯೊಳಗಣ ವ್ಯವಹಾರವನ್ನು ತಿಳಿಸುವುದಿಲ್ಲ. ಈ ಕೊರತೆಯನ್ನು ತುಂಬಲೆಂದೇ ೨೦೦೭ರ ನವೆಂಬರಿನಲ್ಲಿ ಅಫೆರೋ ಸಾರ್ವಜನಿಕ ಪರವಾನಗಿಯ ಹೊಸ ಪಾಠ ಪ್ರಕಟವಾಯಿತು. ಅಂತಹ ಪರವಾನಗಿಯ ತಂತ್ರಾಂಶವನ್ನು ತಿದ್ದಿ ಸರ್ವರಿನಲ್ಲಿ ನಡೆಸುವವನು, ದೂರದಿಂದ ಬಳಸುವವರಿಗೂ ತಿದ್ದಿದ ಮೂಲಪಾಠವನ್ನು ಕೊಡಬೇಕೆಂಬುದು ಅದರ ಸಾರ. ೨೦೧೦ರಲ್ಲಿ ಆರಂಭವಾದ ‘ಎಫ್-ಡ್ರಾಯ್ಡ್’ ಎಂಬ ಸ್ವತಂತ್ರ ಆ್ಯಪ್‌ಗಳ ಭಂಡಾರವು ಇನ್ನೊಂದು ಮಾರ್ಗವನ್ನು ಹಿಡಿಯಿತು. ಖಾಸಗಿ ಒಡೆತನದ ಸರ್ವರನ್ನು ನೆಚ್ಚಿದ ಆ್ಯಪನ್ನು ಅದು ಭಂಡಾರದಿಂದ ಹೊರಗೆ ಹಾಕುವುದಿಲ್ಲ. ಹಾಗೆ ನೆಚ್ಚಿದೆಯೆಂಬುದನ್ನು ಬಳಸುವವನ ಕಣ್ಣಿಗೆ ಬೀಳುವಂತೆ ಗುರುತು ಮಾಡುತ್ತದೆ. ಶಾಸನದ ಪರಿಭಾಷೆಯಲ್ಲಿ ಹೇಳುವುದಾದರೆ, ಕರಾರನ್ನು ಬಾಗಿಲಲ್ಲಿ ಕೆತ್ತುತ್ತದೆ.

ಈ ಎಚ್ಚರಿಕೆ ಏಕೆ ಬೇಕೆಂಬುದಕ್ಕೆ ಒಂದು ನಿದರ್ಶನ ಸಾಕು. ೧೯೯೯ರಲ್ಲಿ ‘ಜ್ಯಾಬರ್’ ಎಂಬ ಹೆಸರಿನಲ್ಲಿ ಹುಟ್ಟಿದ ಸಂದೇಶ ಪದ್ಧತಿ ಅಂಚೆಯಂತಹುದು. ಒಂದು ಸರ್ವರಿನವರು ಇನ್ನೊಂದು ಸರ್ವರಿನವರೊಡನೆ ಮಾತನಾಡಬಹುದು. ೨೦೦೫ರಲ್ಲಿ ಗೂಗಲ್ ಸಂಸ್ಥೆ ಈ ಪದ್ಧತಿಯನ್ನೇ ಅನುಸರಿಸಿ ತನ್ನ ‘ಟಾಕ್’ ಸೇವೆಯನ್ನು ತೆರೆಯಿತು; ೨೦೦೬ರಲ್ಲಿ ಇತರ ಸರ್ವರ್‌ಗಳೊಡನೆ ಸಂಪರ್ಕಕ್ಕೂ ಅವಕಾಶ ಕೊಟ್ಟಿತು. ಸ್ವತಂತ್ರ ತಂತ್ರಾಂಶಗಳನ್ನು ಬಳಸುವ ಅನೇಕರು ಆ ದೊಡ್ಡ ಸರ್ವರನ್ನೇ ನೆಚ್ಚಿದರು. ೨೦೧೩ರಲ್ಲಿ ಸಂಸ್ಥೆಯು ‘ಹ್ಯಾಂಗೌಟ್ಸ್’ ಎಂಬ ಬೇರೆ ಸೇವೆಗೆ ತಿರುಗಿಕೊಂಡಿತು. ಅದರಲ್ಲಿ ಹೊರಗಿನ ಸರ್ವರ್‌ಗಳಿಗೆ ಎಡೆಯಿರಲಿಲ್ಲ. ಜನರ ಕೈಯಲ್ಲಿದ್ದ ತಂತ್ರಾಂಶದ ಒಂದಕ್ಷರವೂ ಬದಲಾಗಲಿಲ್ಲ, ಅದರ ನಾಲ್ಕು ಸ್ವಾತಂತ್ರ್ಯಗಳಲ್ಲಿ ಒಂದೂ ಕುಂದಲಿಲ್ಲ. ಆದರೆ ಆಚೆಯ ಗೆಳೆಯನು ಕೇಳಿಸದಂತಾದನು. ನೇಗಿಲು ಉಳಿದು ತೂಬು ಮುಚ್ಚಿದ ಸ್ಥಿತಿ ಇದು.

೬

ಕನ್ನಡದ ಸಂದರ್ಭದಲ್ಲಿ ಈ ವಿಷಯ ಇನ್ನೂ ಸೂಕ್ಷ್ಮವಾದುದು. ಗಣಕಯಂತ್ರದಲ್ಲಿ ಕನ್ನಡದ ಚರಿತ್ರೆಯೇ ಆಶ್ರಯಗಳ ಚರಿತ್ರೆ. ೧೯೯೮ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಹೊರಬಂದಿತು. ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಎಲ್ಲೆಡೆ ಹಬ್ಬಿತು. ಈ ಸಾಧನಗಳಿಲ್ಲದಿದ್ದರೆ ನಮ್ಮ ಕಾಲೇಜುಗಳಲ್ಲಿ ಕನ್ನಡದ ಬೆರಳಚ್ಚು ಇಷ್ಟು ಬೇಗ ಬೇರೂರುತ್ತಿರಲಿಲ್ಲ. ಆದರೆ ಆ ಕಾಲದ ಕಡತಗಳು ಆಯಾ ಫಾಂಟಿನ ಸಂಕೇತಕ್ಕೆ ಕಟ್ಟುಬಿದ್ದಿದ್ದವು. ಫಾಂಟಿಲ್ಲದ ಯಂತ್ರದಲ್ಲಿ ಬರೆಹ ಅರ್ಥಹೀನವಾದ ಗೀಟುಗಳಾಗಿ ಕಾಣುತ್ತಿತ್ತು. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ಸಿಕ್ಕಿದ್ದರೂ ಅದು ನಮ್ಮ ಬಳಕೆಗೆ ಬರಲು ಅನೇಕ ವರ್ಷಗಳು ಹಿಡಿದವು. ಆದರೂ ಈ ತೊಡಕಿಗೆ ಪರಿಹಾರವಿತ್ತು. ಹಳೆಯ ಕಡತ ನಮ್ಮ ಯಂತ್ರದಲ್ಲಿಯೇ ಇತ್ತು. ಪರಿವರ್ತಕವೊಂದನ್ನು ಬರೆದವರು ಅದನ್ನು ಯೂನಿಕೋಡಿಗೆ ತಂದರು. ತಂತ್ರಾಂಶದ ತಯಾರಕನು ಕೈಬಿಟ್ಟರೂ ಪ್ರತಿ ನಮ್ಮಲ್ಲಿ ಉಳಿಯುತ್ತದೆ. ಸರ್ವರಿನವನು ಕೈಬಿಟ್ಟರೆ ಉಳಿಯುವ ಪ್ರತಿ ಯಾವುದು? ಹಳೆಯ ಆಶ್ರಯಕ್ಕೂ ಹೊಸ ಆಶ್ರಯಕ್ಕೂ ಇರುವ ಮುಖ್ಯವಾದ ಅಂತರ ಇದು.

೨೦೧೧ರ ಜೂನ್ ತಿಂಗಳಲ್ಲಿ ಗೂಗಲ್ ಸಂಸ್ಥೆಯ ಭಾಷಾಂತರ ಸೇವೆಗೆ ಕನ್ನಡ ಸೇರಿತು. ಅದಕ್ಕೆ ಸ್ವಲ್ಪವೇ ಮೊದಲು, ಅದೇ ವರ್ಷದ ಮೇ ತಿಂಗಳಲ್ಲಿ, ಇತರರ ತಂತ್ರಾಂಶಗಳು ತನ್ನ ಭಾಷಾಂತರ ಸರ್ವರನ್ನು ಬಳಸಲು ಇದ್ದ ಬಾಗಿಲನ್ನು ಮುಚ್ಚುವುದಾಗಿ ಆ ಸಂಸ್ಥೆ ಪ್ರಕಟಿಸಿತ್ತು. ಆಕ್ಷೇಪಗಳು ಬಂದ ಮೇಲೆ ಹಣಕೊಟ್ಟು ಬಳಸುವ ವ್ಯವಸ್ಥೆಯನ್ನು ಮಾಡಿತು. ಆ ವರ್ಷದ ಡಿಸೆಂಬರಿನಿಂದ ಉಚಿತ ಬಳಕೆ ನಿಂತಿತು. ಸಂಸ್ಥೆ ಅಕ್ರಮವೇನನ್ನೂ ಮಾಡಲಿಲ್ಲ. ಮನೆ ಅದರದು, ಬಾಗಿಲೂ ಅದರದೇ. ನೆಚ್ಚಿದವರ ಕೈಯಲ್ಲಿ ಶಾಸನವಿರಲಿಲ್ಲ, ಅಷ್ಟೆ.

ಇದಕ್ಕೆ ಪ್ರತಿಯಾಗಿ, ಕರಾರಿನೊಡನೆ ಆಶ್ರಯಿಸಿದ ಒಂದು ನಿದರ್ಶನವೂ ಉಂಟು. ಕನ್ನಡ ವಿಕಿಪೀಡಿಯ ೨೦೦೩ರಲ್ಲಿ ಆರಂಭವಾಯಿತು. ಅದನ್ನು ನಡೆಸುವ ತಂತ್ರಾಂಶ ಸ್ವತಂತ್ರವಾದುದು. ಒಂದು ಭಾಷೆಯ ಲೇಖನವನ್ನು ಇನ್ನೊಂದು ಭಾಷೆಗೆ ತರಲು ನೆರವಾಗುವ ಸಾಧನವನ್ನು ವಿಕಿಮೀಡಿಯ ಪ್ರತಿಷ್ಠಾನವು ೨೦೧೫ರಲ್ಲಿ ತಂದಾಗ ಯಂತ್ರಾನುವಾದದ ಪ್ರಶ್ನೆ ಎದ್ದಿತು. ಆಗ ದೊರೆಯುತ್ತಿದ್ದ ಸ್ವತಂತ್ರ ಅನುವಾದಯಂತ್ರ ಕೆಲವೇ ಭಾಷೆಗಳಿಗೆ ಒದಗುತ್ತಿತ್ತು. ಮೊದಲು ರಷ್ಯದ ಯಾಂಡೆಕ್ಸ್, ೨೦೧೯ರಲ್ಲಿ ಗೂಗಲ್, ಹೀಗೆ ಖಾಸಗಿ ಸರ್ವರ್‌ಗಳನ್ನು ಸೇರಿಸಿಕೊಂಡರು. ಸ್ವತಂತ್ರ ಜ್ಞಾನದ ಮನೆಗೆ ಖಾಸಗಿ ಯಂತ್ರ ತಕ್ಕುದೆ ಎಂಬ ಚರ್ಚೆಯೂ ನಡೆಯಿತು. ಕೊನೆಗೆ ಒಪ್ಪಿದ ಕಟ್ಟಳೆಗಳು ಗಮನಾರ್ಹವಾಗಿವೆ. ಬಳಸುವವನ ಯಂತ್ರ ನೇರವಾಗಿ ಆ ಸಂಸ್ಥೆಯನ್ನು ಮುಟ್ಟುವುದಿಲ್ಲ. ವಿಕಿಮೀಡಿಯದ ಸರ್ವರ್ ನಡುವೆ ನಿಂತು ವಾಕ್ಯಗಳನ್ನು ಮಾತ್ರ ಕಳುಹಿಸುತ್ತದೆ. ಅನುವಾದಕನ ವೈಯಕ್ತಿಕ ವಿವರ ಹೋಗುವುದಿಲ್ಲ. ಬಂದ ಅನುವಾದವನ್ನು ಸ್ವತಂತ್ರ ಪರವಾನಗಿಯಲ್ಲಿ ಬಳಸಬಹುದು. ಯಂತ್ರಾನುವಾದ ಬೇಡವೆಂದವನು ಅದಿಲ್ಲದೆಯೇ ಸಾಧನವನ್ನು ಬಳಸಬಹುದು.

ಈ ಏರ್ಪಾಡಿನ ಪ್ರಯೋಜನ ಮುಂದೆ ಕಂಡಿತು. ೨೦೨೩ರಲ್ಲಿ ಮದರಾಸಿನ ಐ.ಐ.ಟಿ.ಯ ‘ಎಐ೪ಭಾರತ್’ ತಂಡವು ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೆಯ ಅನುಸೂಚಿಯ ೨೨ ಭಾಷೆಗಳಿಗೂ ‘ಇಂಡಿಕ್‌ಟ್ರಾನ್ಸ್ ೨’ ಎಂಬ ಅನುವಾದಯಂತ್ರವನ್ನು ಸ್ವತಂತ್ರ ಪರವಾನಗಿಯಲ್ಲಿ ಪ್ರಕಟಿಸಿತು. ಅದೇ ವರ್ಷ ವಿಕಿಮೀಡಿಯದವರು ‘ಮಿಂಟ್’ ಎಂಬ ಹೆಸರಿನಲ್ಲಿ ತಮ್ಮ ಸರ್ವರ್‌ಗಳಲ್ಲಿಯೇ ನಡೆಯುವ ಅನುವಾದ ಸೇವೆಯನ್ನು ಕಟ್ಟಿ, ಅದರಲ್ಲಿ ಈ ಯಂತ್ರವನ್ನೂ ಸೇರಿಸಿದರು. ಖಾಸಗಿ ಸರ್ವರಿಗೆ ಸಾಧನವನ್ನು ಬಿಗಿದು ಹೊಲಿದಿರಲಿಲ್ಲವಾದುದರಿಂದ ಪಕ್ಕದಲ್ಲಿ ಸ್ವಂತ ಯಂತ್ರವನ್ನು ಇಡಲು ಜಾಗವಿತ್ತು. ವಿಕಿಸೋರ್ಸಿನಲ್ಲಿ ಅಚ್ಚಿನ ಪುಟವನ್ನು ಅಕ್ಷರವಾಗಿ ಓದುವ ಸಾಧನವೂ ಹೀಗೆಯೇ ಇದೆ. ಗೂಗಲಿನ ಸೇವೆಯನ್ನಾಗಲಿ, ಸ್ವತಂತ್ರ ತಂತ್ರಾಂಶವಾದ ‘ಟೆಸರಾಕ್ಟ್’ ಯಂತ್ರವನ್ನಾಗಲಿ ಬಳಸುವವನು ಆರಿಸಿಕೊಳ್ಳಬಹುದು.

೭

ಇಲ್ಲಿ ಎರಡು ಆಕ್ಷೇಪಗಳು ಹುಟ್ಟಬಹುದು. ಮೊದಲನೆಯದು ಶುದ್ಧವಾದಿಗಳದು: ಖಾಸಗಿ ಸರ್ವರನ್ನು ಮುಟ್ಟಿದ ಮಾತ್ರಕ್ಕೆ ಆ್ಯಪ್ ತನ್ನ ಸ್ವಾತಂತ್ರ್ಯವನ್ನು ಕಳೆದುಕೊಂಡಿತೆಂದು ಅವರ ವಾದ. ಕಟ್ಟುನಿಟ್ಟಿನ ಈ ನಿಲವಿನಲ್ಲಿ ತತ್ವವಿದೆ. ಆದರೆ ಕನ್ನಡದಂತಹ ಭಾಷೆಯ ಸ್ಥಿತಿಯನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಂಗ್ಲಿಷಿನವನಿಗೆ ಎರಡು ಯಂತ್ರಗಳಲ್ಲಿ ಒಂದನ್ನು ಬಿಡುವ ಸೌಲಭ್ಯವಿದೆ. ಕನ್ನಡದವನಿಗೆ ಎಷ್ಟೋ ವೇಳೆ ಇರುವುದೇ ಒಂದು. ಮೊಳೆಯಚ್ಚಿನ ಹಳೆಯ ಕನ್ನಡ ಪುಸ್ತಕಗಳ ಒತ್ತಕ್ಷರಗಳನ್ನು ತಕ್ಕಮಟ್ಟಿಗೆ ಓದುವ ಯಂತ್ರವನ್ನು ತತ್ವಕ್ಕಾಗಿ ದೂರವಿಟ್ಟರೆ ನಷ್ಟ ಆ ಸಂಸ್ಥೆಗಲ್ಲ, ಓದಲಾಗದೆ ಉಳಿಯುವ ಪುಟಗಳಿಗೆ. ಬುಕ್ಕರಾಯನ ಕಾಲದ ಜೈನರೂ ತಮ್ಮ ಕಾವಲನ್ನು ತಾವೇ ನೇಮಿಸುವವರೆಗೆ ದೇವರನ್ನು ಕಾವಲಿಲ್ಲದೆ ಬಿಡಲಿಲ್ಲ.

ಎರಡನೆಯ ಆಕ್ಷೇಪ ವ್ಯವಹಾರಜ್ಞರದು. ಸರ್ವರ್ ನಡೆಸುವುದಕ್ಕೆ ವಿದ್ಯುತ್ತು, ಯಂತ್ರ, ಸಂಬಳ ಬೇಕು. ಸ್ವಯಂಸೇವಕರು ಬರೆದ ಆ್ಯಪ್‌ಗೆ ಇಷ್ಟು ಬಂಡವಾಳ ಎಲ್ಲಿಯದು. ಉಚಿತವಾಗಿ ಸಿಕ್ಕುವುದನ್ನು ಬಳಸುವುದೇ ವಿವೇಕವೆಂದು ಅವರ ಅಭಿಪ್ರಾಯ. ಇದರಲ್ಲಿಯೂ ಸತ್ಯವಿದೆ. ಸ್ವಂತ ಸರ್ವರ್ ಎಂದ ಮಾತ್ರಕ್ಕೆ ಅದು ಶಾಶ್ವತವಾಗುವುದಿಲ್ಲ. ಅನುದಾನ ಮುಗಿದ ಮೇಲೆ ಮುಚ್ಚಿಹೋದ ಜಾಲತಾಣಗಳು ವಿದ್ಯಾಸಂಸ್ಥೆಗಳಿಗೆ ಅಪರಿಚಿತವಲ್ಲ. ಆದರೆ ಕೆರೆಯನ್ನು ಕಟ್ಟಿಸಿದವರು ಕಟ್ಟಿಸಿದಲ್ಲಿಗೆ ನಿಲ್ಲದೆ ದುರಸ್ತಿಗೆ ಕೊಡಗೆಯನ್ನು ಏರ್ಪಡಿಸಿದುದು ಈ ಕಾರಣಕ್ಕಾಗಿಯೇ. ವೆಚ್ಚವಿದೆಯೆಂಬುದು ವೆಚ್ಚಕ್ಕೆ ದಾರಿ ಹುಡುಕಬೇಕೆಂಬುದಕ್ಕೆ ಕಾರಣವಾದೀತೇ ಹೊರತು ತೂಬಿನ ಕೀಲಿಯನ್ನು ಕರಾರಿಲ್ಲದೆ ಒಪ್ಪಿಸಿಬಿಡುವುದಕ್ಕೆ ಸಮರ್ಥನೆಯಾಗಲಾರದು. ಉಚಿತವಾದುದಕ್ಕೆ ಬೆಲೆಯಿಲ್ಲವೆಂದೂ ಅಲ್ಲ; ನಾವು ಕಳುಹಿಸುವ ಬರೆಹವೇ ಅಲ್ಲಿ ಬೆಲೆಯಾಗಿರಬಹುದು.

ಮೇಲಿನ ಸಂಗತಿಗಳಿಂದ, ಆಶ್ರಯವನ್ನು ಅಳೆಯಲು ನಾಲ್ಕು ಒರೆಗಲ್ಲುಗಳನ್ನು ಹೇಳಬಹುದೆಂದು ತೋರುತ್ತದೆ. ಮೊದಲನೆಯದಾಗಿ, ಆ್ಯಪ್ ಯಾವ ಸರ್ವರನ್ನು ನೆಚ್ಚಿದೆ, ಏನನ್ನು ಕಳುಹಿಸುತ್ತದೆ ಎಂಬುದು ಬಳಸುವವನಿಗೆ ಬಾಗಿಲಲ್ಲಿಯೇ ತಿಳಿಯಬೇಕು. ಎರಡನೆಯದಾಗಿ, ಒಂದು ಸರ್ವರನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಅವಕಾಶ ತಂತ್ರಾಂಶದಲ್ಲಿಯೇ ಇರಬೇಕು. ವಿಳಾಸವನ್ನು ಮೂಲಪಾಠದೊಳಗೆ ಬದಲಾಯಿಸಲಾಗದಂತೆ ಹೂಳಬಾರದು. ಮೂರನೆಯದಾಗಿ, ಬಳಸುವವನ ಬರೆಹದ ಪೂರ್ಣ ಪ್ರತಿ ಎಂದೆಂದೂ ಅವನ ಬಳಿಯಲ್ಲಿ, ಎಲ್ಲರೂ ಓದಬಲ್ಲ ರೂಪದಲ್ಲಿ ಇರಬೇಕು. ನಾಲ್ಕನೆಯದಾಗಿ, ಸರ್ವರ್ ನಿಂತ ದಿನವೂ ಆ್ಯಪಿನ ಮುಖ್ಯವಾದ ಕೆಲಸ ನಡೆಯಬೇಕು. ಈ ನಾಲ್ಕಕ್ಕೂ ಸಲ್ಲುವ ಆ್ಯಪ್ ಖಾಸಗಿ ಸರ್ವರನ್ನು ಬಳಸಿದರೂ ಸ್ವತಂತ್ರವೇ. ನಾಲ್ಕರಲ್ಲಿಯೂ ಸೋತ ಆ್ಯಪಿನ ಮೂಲಪಾಠವನ್ನು ಎಷ್ಟು ಉದಾರವಾಗಿ ಹಂಚಿದ್ದರೂ ಅದರ ಸ್ವಾತಂತ್ರ್ಯ ಹೆಸರಿನಲ್ಲಿ ಮಾತ್ರ ಇದೆ.

೮

ಈ ವಿಚಾರದಲ್ಲಿ ನಮ್ಮ ಕಾಲೇಜುಗಳಿಗೆ ಏನು ಸಂಬಂಧವೆಂಬುದನ್ನು ಹೇಳಿ ಲೇಖನವನ್ನು ಮುಗಿಸಬಹುದು. ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳು ಇಂದು ವೀರಗಲ್ಲು, ಮಾಸ್ತಿಕಲ್ಲು, ಕೆರೆಯ ಶಾಸನಗಳ ಚಿತ್ರಗಳನ್ನು ಮೊಬೈಲ್‌ನಲ್ಲಿ ತೆಗೆಯಬಲ್ಲರು; ಹಳೆಯ ಸಂಪುಟಗಳ ಪಾಠವನ್ನು ಯಂತ್ರದಿಂದ ಓದಿಸಬಲ್ಲರು; ನಕ್ಷೆಯ ಮೇಲೆ ಸ್ಥಳವನ್ನು ಗುರುತಿಸಬಲ್ಲರು. ರೈಸರ ಕಾಲದಲ್ಲಿ ಒಂದು ಇಲಾಖೆ ಮಾಡಬೇಕಾಗಿದ್ದ ಕೆಲಸದ ಒಂದು ಪಾಲನ್ನು ಒಂದು ತರಗತಿ ಮಾಡಬಲ್ಲುದು. ರಸ್ತೆ ಅಗಲವಾಗುವಾಗ, ಹೊಲ ಸಮಮಾಡುವಾಗ, ಗುಡಿ ಹೊಸದಾಗಿ ಕಟ್ಟುವಾಗ ಕಲ್ಲುಗಳು ಕಾಣೆಯಾಗುವುದುಂಟು. ಅಂತಹ ಕಡೆ ವಿದ್ಯಾರ್ಥಿ ತೆಗೆದ ಚಿತ್ರವೇ ಕೊನೆಯ ಸಾಕ್ಷಿಯಾಗಿ ಉಳಿಯಬಹುದು. ಆ ಸಾಕ್ಷಿಯು ಯಾರ ಪೆಟ್ಟಿಗೆಯಲ್ಲಿದೆಯೆಂಬ ಪ್ರಶ್ನೆ ಆಗ ಕೇವಲ ತಂತ್ರಜ್ಞರ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಆದುದರಿಂದ ಅಧ್ಯಾಪಕರು ಮೂರು ನಿಯಮಗಳನ್ನಾದರೂ ಪಾಲಿಸುವುದು ಒಳ್ಳೆಯದು. ಯಾವ ಯಂತ್ರದಿಂದ ಓದಿಸಿದರೂ ಪಾಠದ ಮೂಲಪ್ರತಿಯನ್ನು ಯೂನಿಕೋಡಿನ ಸರಳ ಕಡತವಾಗಿ ವಿಭಾಗದಲ್ಲಿಯೇ ಇರಿಸಬೇಕು. ಚಿತ್ರದ ಮೂಲವನ್ನೂ ಅದರ ಜೊತೆಗಿಡಬೇಕು. ಪಾಠವನ್ನು ಓದಿದ ಯಂತ್ರ ಯಾವುದು, ತಿದ್ದಿದವರು ಯಾರು, ದಿನಾಂಕ ಯಾವುದು ಎಂಬುದನ್ನು ಅಲ್ಲಿಯೇ ಬರೆಯಬೇಕು. ಶಾಸನದ ಕೊನೆಯಲ್ಲಿ ಬರೆದವನ, ಕಂಡರಿಸಿದವನ ಹೆಸರನ್ನು ನಮ್ಮ ಹಿರಿಯರು ಬರೆಯುತ್ತಿದ್ದಂತೆ. ಒಂದು ಪ್ರತಿಗೆ ತೃಪ್ತಿಪಡದೆ ಬೇರೆ ಬೇರೆ ಊರುಗಳಲ್ಲಿ ಪ್ರತಿಗಳನ್ನಿಡಬೇಕು. ಬುಕ್ಕರಾಯನ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ನಿಲ್ಲಿಸಬೇಕೆಂದು ವಿಧಿಸಿದುದರಲ್ಲಿ ಈ ಮುಂದಾಲೋಚನೆಯಿತ್ತು. ಅದರ ಇನ್ನೊಂದು ಪ್ರತಿ ಮಾಗಡಿ ಸೀಮೆಯ ಕಲ್ಯದಲ್ಲಿ ದೊರೆತುದು ಇದಕ್ಕೆ ಸಾಕ್ಷಿ.

ಪರಾಶ್ರಯವಿಲ್ಲದ ಬಾಳು ವ್ಯಕ್ತಿಗೂ ಇಲ್ಲ, ಭಾಷೆಗೂ ಇಲ್ಲ. ಸ್ವತಂತ್ರ ತಂತ್ರಾಂಶವೂ ಇದಕ್ಕೆ ಹೊರತಲ್ಲ. ಆಶ್ರಯ ಕೊಟ್ಟವನು ಮಾತು ಬದಲಿಸಿದ ದಿನ ಆಶ್ರಯಿಸಿದವನ ಕೈಯಲ್ಲಿ ಏನು ಉಳಿದಿರುತ್ತದೆ ಎಂಬುದೊಂದೇ ಅಂತಿಮವಾಗಿ ಕೇಳಬೇಕಾದ ಪ್ರಶ್ನೆ. ಅಂದು ಕೈಯಲ್ಲಿ ಪ್ರತಿಯೂ, ಹೋಗಲು ಇನ್ನೊಂದು ದಾರಿಯೂ ಇದ್ದವನು ಸ್ವತಂತ್ರನು. ಅವೆರಡೂ ಇಲ್ಲದವನು ಶಾನುಭೋಗರು ಊರಿಗೆ ಹಿಂತಿರುಗುವುದನ್ನೇ ಕಾಯುತ್ತ ಕುಳಿತ ಹಳೆಯ ರೈತನ ಸ್ಥಿತಿಯಲ್ಲಿಯೇ ಇರುತ್ತಾನೆ.